ಎಣ್ಣಿ ಹಾಕಿಯೇ ಹೊರಡುವ ನಮ್ಮ ಮಾಮಾ

ಪುಣೆಯ ಧನಕವಡಿಯಲ್ಲಿ ನಮ್ಮ ಮಾಮಾನ ಮನೆ ಹುಡುಕಲು ವಿಳಾಸ ಬೇಕಿಲ್ಲ. ಮೂಗಿದ್ದರೆ ಸಾಕು! ಮುಂಜಾನೆ ಏಳು ಗಂಟೆಯ ಹೊತ್ತಿಗೆ ಬಂದರೆ ಮೂಗೂ ಬೇಡ, ಕಣ್ಣೇ ನಡೆಯುತ್ತದೆ. ಯಾವ ಕಟ್ಟಡದ ಕೆಳಗಿನಿಂದ ನೀಲಿ ಹೊಗೆ ಏಳುತ್ತಿದೆಯೋ ಅದರ ಎರಡನೇ ಮಹಡಿ.

ಉತ್ಪ್ರೇಕ್ಷೆ ಎನ್ನಬೇಡಿ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಕಣ್ಣಾರೆ ಕಂಡದ್ದು, ಇಲ್ಲವೇ ಇಬ್ಬರಾದರೂ ಖಚಿತಪಡಿಸಿದ್ದು, ಇಷ್ಟನ್ನು ಬಿಟ್ಟು ಬರೆದು ರೂಢಿಯಿಲ್ಲ. ಈ ಹೊಗೆಯನ್ನು ಆ ಕಟ್ಟಡದ ಮೂವತ್ತು ಮನೆಗಳವರು ಖಚಿತಪಡಿಸಿದ್ದಾರೆ. ಅದೂ ಲಿಖಿತವಾಗಿ, ಸಹಿ ಸಮೇತ!

ಹೊಗೆ ಮಾಮಾನ ಕಾರಿನದು. ಒಂದು ಕಾಲಕ್ಕೆ ಬಿಳಿ ಬಣ್ಣದ್ದಾಗಿತ್ತು ಎಂದು ದಾಖಲೆಗಳು ಹೇಳುತ್ತವೆ. ಓಡಿದ್ದು ಮೂರು ಲಕ್ಷ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಷ್ಟು ಓಡಿದ್ದರೆ ಚಂದ್ರನ ದಾರಿಯಲ್ಲಿ ಮುಕ್ಕಾಲು ಪಾಲು ಮುಗಿಯುತ್ತಿತ್ತು. ಮಾಮಾ ಹೋಗಿ ಬಂದದ್ದು ಮಾತ್ರ ಪುಣೆ ಜಿಲ್ಲೆಯದೇ ಆದ ಶಿರೂರಿನ ಸಂತೆಗೆ.

ಮಾಮಾ ತೂಕ-ಅಳತೆ ಖಾತೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಧಾರವಾಡದಿಂದ ಪುಣೆಗೆ ಬಂದು, ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ನೋಡಿದರು. ನಿವೃತ್ತರಾದರೂ ಖಾತೆ ಅವರನ್ನು ಬಿಟ್ಟಿಲ್ಲ. ಯಾರಾದರೂ "ಹತ್ತ ನಿಮಿಷದಾಗ ಬರ್ತೀನ್ರಿ" ಎಂದರೆ ಗಡಿಯಾರ ನೋಡುತ್ತಾರೆ. ನನ್ನ ಮದುವೆಯಲ್ಲಿ ಪುರೋಹಿತರು "ಶತಾಯುಷಿಗಳಾಗಿ" ಎಂದು ಹರಸಿದಾಗ ನನ್ನ ಕಿವಿಯಲ್ಲಿ, "ಎಂಬತ್ತೈದು ಹಿಡದು ನಡಿ, ತಮ್ಮಾ. ಸಾಕಾಗ್ತದ" ಎಂದರು.

ಇಂಥ ಮನುಷ್ಯನ ಕೈಗೆ ಎಣ್ಣೆ ಕುಡಿಯುವ ಕಾರು ಸಿಕ್ಕರೆ ಏನಾಗಬೇಕು? ಪ್ರತಿದಿನ ಮುಂಜಾನೆ ಬಾನೆಟ್ ಎತ್ತುತ್ತಾರೆ. ಗೆರೆಗಳಿರುವ ಗಾಜಿನ ಅಳತೆಪಾತ್ರೆಗೆ ಎಣ್ಣೆ ಸುರಿದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮಾಮಿ ಪಕ್ಕದಲ್ಲಿ ಬಾಟಲಿ ಹಿಡಿದು ನಿಲ್ಲುತ್ತಾರೆ. ಮಗುವಿಗೆ ಔಷಧಿ ಕುಡಿಸುವವರು ಕೂಡ ಇಷ್ಟು ಶ್ರದ್ಧೆಯಿಂದ ಕುಡಿಸಲಾರರು. ಆಮೇಲೆ ಚಾಲೂ ಮಾಡುತ್ತಾರೆ. ಆಮೇಲಿನದು ಕಟ್ಟಡದವರಿಗೆ ಗೊತ್ತು!

ಒಮ್ಮೆ ಸೊಳ್ಳೆಗೆ ಹೊಗೆ ಹಾಕುವವರು ಯಂತ್ರ ಹೊತ್ತು ಗೇಟಿಗೆ ಬಂದರು. ವಾಚ್‌ಮನ್ ಅವರನ್ನು ಒಳಗೇ ಬಿಡಲಿಲ್ಲ. "ನಮ್ಮಲ್ಲಿ ಮುಂಜಾನೆಯೇ ಆಗಿದೆ" ಎಂದು ತಿರುಗಿ ಕಳಿಸಿದ. ಆ ವರ್ಷ ಕಟ್ಟಡದಲ್ಲಿ ಯಾರಿಗೂ ಸೊಳ್ಳೆ ಕಚ್ಚಲಿಲ್ಲ ಎಂದು ಮಾಮಾ ಹೇಳುತ್ತಾರೆ. ಇದು ಮಾತ್ರ ಒಬ್ಬರದೇ ಹೇಳಿಕೆ, ದೃಢಪಟ್ಟಿಲ್ಲ.

ಗ್ಯಾರೇಜಿನವನು ಕಾಯಿಲೆಯನ್ನು ಎಂದೋ ಹೇಳಿಬಿಟ್ಟಿದ್ದ. ಇಂಜಿನ್ನಿನೊಳಗಿನ ರಿಂಗುಗಳು ಸವೆದಿವೆ, ಇಂಜಿನ್ ಬಿಚ್ಚಿ ಹೊಸವು ಹಾಕಿದರೆ ಹೊಗೆ ನಿಲ್ಲುತ್ತದೆ. ಬಿಚ್ಚಲು ಮಾಮಾ ಒಪ್ಪಬೇಕಲ್ಲ?

"ಮೂವತ್ತು ವರ್ಷ ಮಂದೀ ತಕ್ಕಡಿ ಬಿಚ್ಚಿ ನೋಡೀನಿ," ಎಂದರು. "ಬಿಚ್ಚಿದ ಮ್ಯಾಲೆ ಮದಲಿನಂಗ ಕೂತದ್ದು ಒಂದೂ ನೋಡಿಲ್ಲ."

ಕೊನೆಗೆ ಸೊಸೈಟಿಯ ಸೆಕ್ರೆಟರಿ ಮೂವತ್ತು ಸಹಿಗಳ ಅರ್ಜಿ ಹಿಡಿದು ಬಂದರು. "ಕಾಕಾ, ಆತಾ ಭಂಗಾರಾತ್ ಟಾಕಾ ಹೀ ಗಾಡೀ!" ಎಂದರು. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ, ಗಾಡಿಯನ್ನು ಇನ್ನು ಅದಕ್ಕೆ ಹಾಕಿ ಎಂದರ್ಥ. ಮಾಮಾ ಅವರನ್ನು ಕೂಡಿಸಿ, ಚಹಾ ಕೊಟ್ಟು, ನಮ್ಮ ಭಾಷೆಯಲ್ಲಿ ಬಂಗಾರ ಎಂದರೆ ಚಿನ್ನ, ಒಂದು ಮಹಾಪ್ರಾಣದ ಫರಕು ಅಷ್ಟೇ, ನೀವು ಉಸಿರು ಸ್ವಲ್ಪ ಕಡಿಮೆ ಬಿಟ್ಟರೆ ಇಬ್ಬರ ಮಾತೂ ಒಂದೇ ಆಗುತ್ತದೆ ಎಂದು ಅರ್ಧ ತಾಸು ತಿಳಿಹೇಳಿದರು. ಸೆಕ್ರೆಟರಿ ಉಸಿರು ಬಿಟ್ಟದ್ದು ಹೊರಗೆ ಹೋದ ಮೇಲೆಯೇ!

ಆದರೆ ಮಾಮಿಯ ಮುಂದೆ ವ್ಯಾಕರಣ ನಡೆಯಲಿಲ್ಲ. "ಮಂದಿ ಮಾರಿ ನೋಡಲಿಕ್ಕೆ ನನಗ ನಾಚಿಕಿ ಆಗ್ತದ," ಎಂದರು. "ದೀಪಾವಳಿ ಒಳಗ ಯಾರರ ತಗೊಂಡು ಹೋಗ್ಲಿ. ಇಲ್ಲಾಂದ್ರ ನಾನ ಆ ಭಂಗಾರದವನ್ನ ಕರದು ಕೊಡ್ತೀನಿ ನೋಡ್ರಿ."

ಮಾಮಾ ಅಂದು ಊಟ ಮಾಡಲಿಲ್ಲ. ಗುಜರಿಯಂಗಳದಲ್ಲಿ ಕಾರನ್ನು ಹೇಗೆ ಒತ್ತಿ ಚಪ್ಪಟೆ ಮಾಡುತ್ತಾರೆಂದು ಅವರು ಶಿರೂರಿನ ರಸ್ತೆಯಲ್ಲಿ ಒಮ್ಮೆ ಕಂಡಿದ್ದರಂತೆ. "ಓಡೂ ಗಾಡಿ, ತಮ್ಮಾ," ಎಂದು ನನಗೆ ಫೋನಿನಲ್ಲಿ ಹೇಳಿದರು. "ಇನ್ನೂ ಓಡೂ ಗಾಡಿ." ಮಾರಬೇಕು, ಇಲ್ಲವೇ ಅದು ಚಪ್ಪಟೆಯಾಗಬೇಕು. ದೀಪಾವಳಿಗೆ ಐದು ವಾರ ಉಳಿದಿತ್ತು.

ಪತ್ರಿಕೆಯವನು ಎಂದು ಜಾಹೀರಾತು ಬರೆಯುವ ಕೆಲಸ ನನಗೇ ಬಂತು. "ಒಬ್ಬರೇ ಮಾಲೀಕರು, ಸುಸ್ಥಿತಿಯಲ್ಲಿದೆ" ಎಂದು ಬರೆದೆ. ಮಾಮಾ ಕನ್ನಡಕ ಹಾಕಿಕೊಂಡು ಓದಿ, "ಸುಸ್ಥಿತಿ"ಯಲ್ಲಿನ "ಸು" ಹೊಡೆದುಹಾಕಿದರು. "ಒಬ್ಬರೇ ಮಾಲೀಕರು, ಸ್ಥಿತಿಯಲ್ಲಿದೆ." ಇಷ್ಟು ಕಟುವಾದ ಸಂಪಾದಕರನ್ನು ನಾನು ನಮ್ಮ ಕಚೇರಿಯಲ್ಲೂ ಕಂಡಿಲ್ಲ.

ಆದರೂ ಗಿರಾಕಿಗಳು ಬಂದರು. ಬಂದವರೆಲ್ಲ ಹೋದರು. ಅವರು ಸೀಟಿನ ಮೇಲೆ ಕೈಯಾಡಿಸುವ ಮೊದಲೇ ಮಾಮಾ ಕಾರಿನ ದೋಷಗಳನ್ನು ಕ್ರಮಸಂಖ್ಯೆ ಹಾಕಿ ಓದುತ್ತಿದ್ದರು. ಒಬ್ಬ ಗಿರಾಕಿ ಹನ್ನೊಂದನೇ ದೋಷಕ್ಕೆ ತಡೆದು, "ಕಾಕಾ, ನಿಮಗೆ ಮಾರುವ ಮನಸ್ಸಿದೆಯೋ ಇಲ್ಲವೋ?" ಎಂದು ಕೇಳಿದ. "ಮನಸ್ಸು ಇಲ್ಲ ಅನ್ನೂದು ಹದಿನಾಲ್ಕನೇದು, ಅಲ್ಲೀತನಕ ತಡೀರಿ" ಎಂದರು ಮಾಮಾ.

ದೀಪಾವಳಿಗೆ ಒಂಬತ್ತು ದಿನ ಉಳಿದಿದ್ದಾಗ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಜಾಹೀರಾತು ನೋಡಿ ಕೊಂಢವಾದಿಂದ ಒಬ್ಬ ಫೋನ್ ಮಾಡಿದ. ಮೂಲ ಮಂಡ್ಯದ ಕಡೆ, ಇಲ್ಲೊಂದು ಕಂಪನಿಯಲ್ಲಿ ಕೆಲಸ. ಮಾಮಾನಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಾರೆ. ನಾನು ಎದುರಿಗೇ ಕುಳಿತಿದ್ದೆ. ಸಂಭಾಷಣೆಯನ್ನು ಯಥಾವತ್ತಾಗಿ ಕೊಡುತ್ತಿದ್ದೇನೆ.

"ಸರ್, ಗಾಡಿ ಹೇಗಿದೆ?"

"ಚಲೋ ಅದ ರೀ. ಆದ್ರ ಖರೇ ಹೇಳಿಬಿಡ್ತೀನಿ. ಎಣ್ಣಿ ಭಾಳ."

"ಎಣ್ಣೆನಾ?"

"ಹೌದ್ರಿ. ಮುಚ್ಚಿಡೂದೇನದ? ಹತ್ತು ವರ್ಷದಿಂದ ಅದ."

"ದಿನಾನಾ ಸರ್?"

"ದಿನಾ ಮುಂಜಾನೆ. ಚಹಾಕ್ಕಿಂತ ಮದಲ ಎಣ್ಣಿ. ಹಾಕಲಾರದ ಹೊರಗ ಬಿದ್ದ್ರ ಮೈಯೆಲ್ಲಾ ಗಡಗಡ ನಡಗ್ತದ."



"ಅಂದ್ರೆ... ಹಾಕ್ಕೊಂಡೇ ಗಾಡಿ ಓಡಿಸ್ತೀರಾ?"

"ಹಾಕಿನ ರೀ! ಹಾಕಲಾರದ ಹೆಂಗ ಓಡಸ್ಲಿ? ಕಾತ್ರಜ ಘಾಟ ಹತ್ತೂದಿದ್ರ ಒಂದು ಬಾಟ್ಲಿ ಡಿಕ್ಕಿಯೊಳಗ ಇಟಗೊಂಡೇ ಹೋಗ್ತೀನಿ. ನಡುವ ನಿಂತು ಮತ್ತ ಹಾಕೂದು."

"ಮನೇಲಿ ಮೇಡಂ ಏನೂ ಅನ್ನಲ್ವಾ?"

"ಮದಲ ಭಾಳ ಜಗಳಾಡ್ತಿದ್ಲು. ಈಗ ಅಕೀನ ಬಾಟ್ಲಿ ಹಿಡದು ನಿಂದರ್ತಾಳ. ಒಂದು ಹನಿ ಚೆಲ್ಲಂಗಿಲ್ಲ ನೋಡ್ರಿ!"

"ಬಿಡೋಕೆ ಟ್ರೈ ಮಾಡಿಲ್ವಾ ಸರ್?"

ಮಾಮಾನ ದನಿ ಸಣ್ಣದಾಯಿತು. "ಬಿಡಬೇಕಂತನ ರೀ ಇಷ್ಟೆಲ್ಲಾ. ದೀಪಾವಳಿ ಒಳಗ ಬಿಡ್ತೀನಿ ಅಂತ ಅಕಿಗೆ ಮಾತು ಕೊಟ್ಟೀನಿ. ಆದ್ರ ಮನಸ್ಸು ಬರವಲ್ದು."

"ಸರ್, ನಾಳೆ ಭಾನುವಾರ, ಬೆಳಿಗ್ಗೇನೇ ಬರ್ತೀನಿ. ಒಂದು ಸಹಾಯ ಮಾಡಿ. ನಾನು ಬರೋವರೆಗೂ ಹಾಕ್ಬೇಡಿ. ದಯವಿಟ್ಟು ತಡ್ಕೊಳ್ಳಿ."

ಮಾಮಾ ಫೋನ್ ಕೆಳಗಿಟ್ಟು ನನ್ನತ್ತ ಹೆಮ್ಮೆಯಿಂದ ನೋಡಿದರು. "ಶ್ಯಾಣ್ಯಾ ಇದ್ದಾನ! ಎಣ್ಣಿ ಹಾಕೂಕಿಂತ ಮದಲ ನೋಡಬೇಕಂತಾನ. ಇಂಥಾ ಗಿರಾಕಿ ಒಬ್ಬರೂ ಬಂದಿರಲಿಲ್ಲ."

ಮಂಡ್ಯ, ಬೆಂಗಳೂರಿನ ಕಡೆಯ ಮಾತಿನಲ್ಲಿ ಎಣ್ಣೆ ಎಂದರೆ ಏನು ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಎದುರಿಗೆ ಕೂತು ಎಲ್ಲ ಕೇಳಿಸಿಕೊಂಡೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಎಣ್ಣಿ ಎಂದರೆ ಒಗ್ಗರಣೆಗೆ, ತಲೆಗೆ, ಮತ್ತು ಮಾಮಾನ ಕಾರಿಗೆ.

ರಾತ್ರಿ ನಾನು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಒಬ್ಬ, ಕೈಯಲ್ಲಿ ಒಂದು ಡಜನ್ ಮೋಸಂಬಿ. ಬಾಗಿಲು ತೆರೆದ ಮಾಮಾನ ಕೈಯಲ್ಲಿ ಇಂಜಿನ್ ಎಣ್ಣೆಯ ಬಾಟಲಿ.

"ಅಂಕಲ್, ಪ್ಲೀಸ್, ಅದನ್ನ ಕೆಳಗಿಡಿ," ಎಂದ ಅವನು. ಬಂದವನೇ ಮಾಮಾನ ಎರಡೂ ಕೈ ಹಿಡಿದುಕೊಂಡ. "ಇದಕ್ಕೆ ಈಗ ಒಳ್ಳೆ ಡಾಕ್ಟರ್ ಇದ್ದಾರೆ. ನಾಚಿಕೆ ಪಡೋ ವಿಷಯ ಅಲ್ಲ. ನಾನೇ ಕರ್ಕೊಂಡು ಹೋಗ್ತೀನಿ."

"ಗ್ಯಾರೇಜಿನವಗ ತೋರ್ಸೀನ್ರಿ," ಎಂದರು ಮಾಮಾ. "ರಿಂಗ್ ಹೋಗ್ಯಾವಂತ."

ಅವನು ಬಾಟಲಿಯ ಮೇಲಿನ ಚೀಟಿ ನೋಡಿದ. ಮಾಮಾನ ಮುಖ ನೋಡಿದ. ನನ್ನನ್ನು ನೋಡಿದ. ನನಗೆ ಆಗ ಹೊಳೆಯಿತು, ಒಂದು ರಾತ್ರಿ ತಡವಾಗಿ! ಗುಟ್ಟು ಬಿಡಿಸಿ ಹೇಳಿದೆ. ಮಾಮಿ ನಗುತ್ತ ನಗುತ್ತ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. "ಅಯ್ಯ, ಇವರು ಎರಡನೇ ಕಪ್ ಚಹಾ ಸೈತ ಕುಡಿಯಂಗಿಲ್ಲೋ, ಯಪ್ಪಾ!"

ಅವನೂ ನಕ್ಕ, ಕಿವಿಯವರೆಗೆ ಕೆಂಪಾಗಿ. ಮಾಮಾ ಮಾತ್ರ ನಗಲಿಲ್ಲ.

"ನಾ ಕುಡಕ ಅಂತ ತಿಳಕೊಂಡ್ರಿ. ಹೌದಲ್ಲ?" ಎಂದರು. "ಹಂಗಾರ ಗಾಡಿ ಬ್ಯಾಡಂದು ಸುಮ್ಮ ಇರಬಹುದಿತ್ತು. ಕೊಂಢವಾದಿಂದ ಇಲ್ಲೀತನಕ ಯಾಕ ಬಂದ್ರಿ?"

ಅವನು ಮೋಸಂಬಿ ಚೀಲದ ಗಂಟನ್ನು ಬಿಚ್ಚಿದ, ಮತ್ತೆ ಕಟ್ಟಿದ.

"ನಮ್ಮಪ್ಪ ದಿನಾ ಹಾಕೋರು ಅಂಕಲ್. ನಾನು ಬೈದೆ, ಮಾತು ಬಿಟ್ಟೆ, ಪುಣೆಗೆ ಬಂದ್ಬಿಟ್ಟೆ. ಎದುರಿಗೆ ಕೂತ್ಕೊಂಡು 'ಬಿಡಿ ಅಪ್ಪ' ಅಂತ ಒಂದಿನಾನೂ ಕೇಳ್ಲಿಲ್ಲ. ಹೋದ ವರ್ಷ ತೀರ್ಕೊಂಡ್ರು. ಈಗ ಅಮ್ಮನ್ನ ಇಲ್ಲಿಗೇ ಕರೆಸ್ಕೊತಾ ಇದ್ದೀನಿ. ಅವರಿಗೆ ಬಸ್ ಹತ್ತಕ್ಕಾಗಲ್ಲ, ಅದಕ್ಕೇ ಗಾಡಿ. ನಿನ್ನೆ ನೀವು, ಬಿಡಬೇಕು, ಮನಸ್ಸು ಬರ್ತಿಲ್ಲ ಅಂದ್ರಲ್ಲ... ನಮ್ಮಪ್ಪನಿಗೂ ಹಾಗೇ ಇತ್ತೇನೋ. ನಾನು ಕೇಳಿದ್ರೆ ತಾನೆ ಹೇಳೋರು."

ಮಾಮಿಯ ನಗು ನಿಂತಿತ್ತು. ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು, ಅದು ಆಗುತ್ತಿರಲಿಲ್ಲ.

ನಮ್ಮ ಮಾಮಾನಿಗೆ ಸಮಾಧಾನದ ಮಾತು ಬರುವುದಿಲ್ಲ. ಅಳತೆಯಿಲ್ಲದ ಯಾವುದನ್ನೂ ಅವರು ಯಾರಿಗೂ ಕೊಟ್ಟವರಲ್ಲ. ಬಾಟಲಿ, ಒಂದು ಅರಿವೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. "ಬರ್ರಿ," ಎಂದು ಅವನನ್ನು ಕೆಳಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

ಬಾನೆಟ್ ಎತ್ತಿದರು. ಇಂಜಿನ್ನಿನ ಬದಿಯಿಂದ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಅವನಿಗೆ ತೋರಿಸಿದರು. ಅದರ ಉದ್ದಕ್ಕೂ ಎಣ್ಣೆ ಮೆತ್ತಿತ್ತು.

"ತುಂಬಾ ಇದೆಯಲ್ಲ ಅಂಕಲ್," ಎಂದ ಅವನು.

"ಮದಲನೇ ಸಲ ಬಂದದ್ದು ಖರೇ ಅಲ್ಲ," ಎಂದರು ಮಾಮಾ. ಅರಿವೆ ಕೊಟ್ಟರು. "ಒರಸು. ಮತ್ತ ಒಳಗ ಹಾಕು. ಈಗ ತಗದು ನೋಡು."

ಮಾಮಾ ಹೊರಗಿನವರ ಜೊತೆ ಮಾತಿನಲ್ಲಿ "ರೀ" ತಪ್ಪಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಅವನು ಒರೆಸಿದ, ಹಾಕಿದ, ತೆಗೆದ. ಎಣ್ಣೆ ಕಡ್ಡಿಯ ತುದಿಗಷ್ಟೇ ಹತ್ತಿತ್ತು.

"ಕಡಿಮೆ ಇದೆ," ಎಂದ.

"ಕಡಿಮಿ ಇದ್ರ ಹಾಕೂದು. ಅದಕ್ಕ್ಯಾಕ ಮಾರಿ ಸಣ್ಣ ಮಾಡ್ತಿ?" ಮಾಮಾ ಬಾಟಲಿಯನ್ನು ಅವನ ಕೈಗೇ ಕೊಟ್ಟರು. ಅವನು ನಿಧಾನವಾಗಿ ಸುರಿದ. ಅಳತೆಪಾತ್ರೆ ಮೇಲೆ ಮನೆಯಲ್ಲೇ ಉಳಿದಿತ್ತು. ಮಾಮಾ ಅದನ್ನು ತರಿಸಲಿಲ್ಲ.

"ನಿಮ್ಮ ಅವ್ವ ಎಂದ ಬರ್ತಾರ?"

"ಮುಂದಿನ ತಿಂಗಳು."

"ಅಷ್ಟರಾಗ ಇಂಜಿನ್ ಬಿಚ್ಚಿಸಿ ರಿಂಗ್ ಹಾಕ್ಸೋಣು. ಅವರು ಕೂಡ್ರೂ ಗಾಡಿ ಹೊಗಿ ಬಿಡಬಾರದು." ಹೀಗೆಂದು ಕೀಲಿಕೈ ಅವನಿಗೆ ಕೊಟ್ಟು, ಸುತ್ತು ಹಾಕಿ ಬಂದು, ತಾವು ಎಡಗಡೆಯ ಸೀಟಿನಲ್ಲಿ ಕೂತರು. ಇಷ್ಟು ವರ್ಷಗಳಲ್ಲಿ ಆ ಸೀಟಿನಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಬೆಲ್ಟ್ ಎಲ್ಲಿದೆ ಎಂದು ಹುಡುಕಿದರು.

ಅವನ ಬಳಿ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಕ್ಲಚ್ ಅವಸರದಲ್ಲಿ ಬಿಟ್ಟ. ಕಾರು ಒಮ್ಮೆ ಜಿಗಿದು ನಿಂತಿತು. ಎರಡನೇ ಸಲವೂ ಹಾಗೇ. ಬಾಗಿಲು ಜೋರಾಗಿ ಹಾಕಿದರೆ ನನ್ನ ಮೇಲೆ ಹರಿಹಾಯುತ್ತಿದ್ದ ಮನುಷ್ಯ, ಗೇರಿನ ಮೇಲಿದ್ದ ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು.

"ನಾ ಎಲ್ಲೂ ಹೋಗಂಗಿಲ್ಲ," ಎಂದರು. "ಮತ್ತ ಚಾಲೂ ಮಾಡು, ಮಗಾ."