ಎಡದವಡೆಯ ಅಭಿಪ್ರಾಯವನ್ನು ರದ್ದುಪಡಿಸುವ ಕುರಿತು

ಇಂದ:
ಹುಡುಗಿಯ ತಂದೆ,
ಕನ್ನಡಕದ ಅಂಗಡಿ, ಔಷಧಿ ಅಂಗಡಿಯ ಪಕ್ಕ.
(ಸದ್ಯಕ್ಕೆ ಊಟ ಬಲದವಡೆಯಲ್ಲಿ ಮಾತ್ರ)

ಗೆ:
ಹುಡುಗನ ತಾಯಿಯವರು,
ನಿವೃತ್ತ ಕಚೇರಿ ಮೇಲ್ವಿಚಾರಕರು,
ಹಾಗೂ ನಮ್ಮ ಬೀಗಿತ್ತಿ (ಆಗಬೇಕಾಗಿದ್ದವರು).

ವಿಷಯ: ಕಳೆದ ಭಾನುವಾರ ತಮ್ಮ ನಡುಮನೆಯಲ್ಲಿ ನನ್ನ ಮುಖವು ನನ್ನ ಅನುಮತಿಯಿಲ್ಲದೆ ವ್ಯಕ್ತಪಡಿಸಿದ ಅಭಿಪ್ರಾಯವನ್ನು ರದ್ದುಪಡಿಸಿ, ನಿಂತುಹೋದ ಮದುವೆ ಮಾತುಕತೆಯನ್ನು ಮುಂದುವರಿಸುವ ಬಗ್ಗೆ.

ಉಲ್ಲೇಖ:
(ಅ) "ಬಾಯಿಮಾತೆಲ್ಲ ನನ್ನ ಹತ್ರ ನಡೆಯಲ್ಲ, ಏನಿದ್ರೂ ಬರೆದು ಕೊಡಿ" ಎಂದು ತಾವು ಸೋಮವಾರ ಅಪ್ಪಣೆ ಕೊಡಿಸಿ, ನಾನು "ಸರಿ" ಎನ್ನುವುದರೊಳಗೆ ಫೋನಿಟ್ಟದ್ದು.
(ಆ) ತಮ್ಮ ಚಿರಂಜೀವಿಯು ಕೈಯಾರೆ ತಂದುಕೊಟ್ಟ ಒಂದು ಲೋಟ ಕಿತ್ತಳೆ ಜ್ಯೂಸು, ಮಂಜುಗಡ್ಡೆ ಸಮೇತ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಂದು ಸೊಟ್ಟಗಾದದ್ದು ನನ್ನ ಮುಖವೇ ಹೌದು. ಆದರೆ ಅದನ್ನು ಸೊಟ್ಟಗೆ ಮಾಡಿದ್ದು ತಮ್ಮ ಮಗನಲ್ಲ, ನನ್ನ ಎಡಗಡೆಯ ಕೆಳದವಡೆಯ ಹಲ್ಲು. ಇಷ್ಟನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ತಾವು ಬಿಡಲಿಲ್ಲ. ಕಾರಣ ಈ ಅರ್ಜಿ.

1. ಸದರಿ ಹಲ್ಲಿನ ಹುಳುಕಿಗೆ ಶುಕ್ರವಾರ ಫಿಲ್ಲಿಂಗ್ ಮಾಡಿಸಲಾಯಿತು. ಕೊನೆಯಲ್ಲಿ ದಂತವೈದ್ಯೆಯು ಒಂದು ನೀಲಿ ಕಾಗದದ ಚೂರನ್ನು ಹಲ್ಲಿನ ನಡುವೆ ಇಟ್ಟು, "ಕಚ್ಚಿ ನೋಡಿ, ಎತ್ತರ ಅನ್ಸುತ್ತಾ?" ಎಂದರು. ಆಗ ಚುಚ್ಚುಮದ್ದಿನಿಂದ ನನ್ನ ಬಾಯಿ ಮರಗಟ್ಟಿ, ಕೆನ್ನೆ ಯಾರೋ ಪರರದ್ದೆಂಬಂತಿತ್ತು. ನಾನು "ಸರಿಯಾಗಿದೆ" ಎಂದೆ. ಪಾಪ, ಅಷ್ಟು ಹೊತ್ತು ಬಗ್ಗಿ ಕೆಲಸ ಮಾಡಿದ ಹೆಣ್ಣುಮಗಳಿಗೆ ಸರಿಯಿಲ್ಲ ಎನ್ನುವುದು ಹೇಗೆ? ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು, "ಸಂಕೋಚ ಮಾಡ್ಕೋಬೇಡಿ, ಮಸುಕಾಗಿದ್ರೆ ಮಸುಕು ಅನ್ನಿ" ಎಂದು ಗದರುವವನು ನಾನೇ ಎಂಬುದನ್ನು ನಾಚಿಕೆಯಿಂದ ನಮೂದಿಸುತ್ತೇನೆ.

2. ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಿದ್ದ ಕಾರಣ, ಬಾಯಿ ಮುಚ್ಚಿದಾಗಲೆಲ್ಲ ಮೇಲಿನ ಹಲ್ಲು ಕೆಳಗಿನದಕ್ಕೆ ಗುದ್ದುತ್ತಿತ್ತು. ತಣ್ಣನೆಯದು ತಾಗಿದರಂತೂ ಜೀವ ಹೋಗಿ ಬರುತ್ತಿತ್ತು. ಭಾನುವಾರ ತಮ್ಮ ಮನೆಯಲ್ಲಿ, ಫ್ರಿಜ್ ರಿಪೇರಿ ಕೆಲಸದಲ್ಲಿ ಪಳಗಿದ ಚಿರಂಜೀವಿಯು, "ತಗೊಳ್ಳಿ ಅಂಕಲ್, ಈ ಫ್ರಿಜ್ಜು ನಾನೇ ಸರಿ ಮಾಡಿದ್ದು. ಎಷ್ಟು ತಣ್ಣಗಿದೆ ನೋಡಿ" ಎಂದನು. ಬೇಡವೆನ್ನುವ ಧೈರ್ಯ ಸಾಲದೆ ಒಂದು ಗುಟುಕು ಕುಡಿದೆ. ಅದೇ ಗಳಿಗೆಯಲ್ಲಿ ಅವನು, "ಅಂಕಲ್, ನಿಮ್ಮ ಮಗಳನ್ನ ನಾನು ತುಂಬಾ ಚೆನ್ನಾಗಿ ನೋಡ್ಕೋತೀನಿ" ಎಂದನು.

3. ಮುಂದಿನದು ತಾವೇ ಕಂಡದ್ದು. ನಾನು ಕಣ್ಣು ಮುಚ್ಚಿದ್ದು, ಹುಬ್ಬು ಗಂಟಿಕ್ಕಿದ್ದು, ಕಾಲು ಅಪ್ಪಳಿಸಿದ್ದು, ಲೋಟ ಕುಕ್ಕಿ ಹಿತ್ತಲಿಗೆ ನಡೆದದ್ದು, ಎಲ್ಲವೂ ಸತ್ಯ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ನಾನು ಅತ್ತುಬಿಟ್ಟೆ. ತಮ್ಮ ಕಡೆಯವರು ಅದನ್ನು ಕೋಪವೆಂದು ದಾಖಲಿಸಿಕೊಂಡರು.

4. ಮನೆಗೆ ಬಂದ ಮೇಲೆ ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಬಿಡುವ ಮೊದಲು ಅಂದದ್ದಿಷ್ಟು: "ಅಪ್ಪಾ, ಊರಿಗೆಲ್ಲ ಸರಿ ಸರಿ ಅಂತೀಯ. ನಾನು ಇಷ್ಟಪಟ್ಟಿದ್ದಕ್ಕೆ ಮಾತ್ರ ಮುಖ ಹಿಂಡಿದೆಯಲ್ಲ!" ಮಾನ್ಯರೇ, ಹಲ್ಲುನೋವಿಗೆ ಮಾತ್ರೆ ಇದೆ. ಇದಕ್ಕೆ ಇರಲಿಲ್ಲ.

5. ಮರುದಿನ ಮನೆಯಾಕೆ ನಮ್ಮಿಬ್ಬರನ್ನೂ ದಂತವೈದ್ಯೆಯ ಬಳಿಗೆ ದಬ್ಬಿದಳು. ಮತ್ತೆ ನೀಲಿ ಕಾಗದ. "ಈಗ?" ನಾನು ಮಗಳ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ, "ಸರಿಯಿಲ್ಲ" ಎಂದೆ. ವೈದ್ಯೆ ಫಿಲ್ಲಿಂಗನ್ನು ಉಜ್ಜಿ ತಗ್ಗಿಸಿದರು. "ಈಗ?" "ಇನ್ನೂ ಸರಿಯಿಲ್ಲ!" ಎಷ್ಟು ಹಾಯೆನಿಸಿತೆಂದರೆ, ಸರಿಹೋದ ಮೇಲೂ ಇನ್ನೊಮ್ಮೆ ಅಂದುಬಿಟ್ಟೆ. ಮಗಳು ಕಿಸಕ್ಕನೆ ನಕ್ಕು, "ಈ ಬಾಯಿ ಭಾನುವಾರ ಎಲ್ಲಿಟ್ಟಿದ್ದೆ?" ಎಂದಳು. "ನರಕ್ಕೆ ಸಿಟ್ಟು ಬಂದಿದೆ ಅಷ್ಟೆ. ಸ್ವಲ್ಪ ದಿನ ತಣ್ಣಗಿದ್ದದ್ದು ಮುಟ್ಟಬೇಡಿ, ತಾನೇ ಇಳಿಯುತ್ತೆ" ಎಂದರು ವೈದ್ಯೆ. ಗುದ್ದಾಟ ನಿಂತಿದೆ. ಜುಮ್ಮೆನ್ನುವುದು ಇನ್ನೂ ಇದೆ.

6. ದಾರಿಯಲ್ಲಿ ಮಗಳು, "ನಿನ್ನ ಮುಖದ ಕಥೆ ಆಯ್ತು. ಅವರಮ್ಮನ ಮುಖಕ್ಕೇನು ಹೇಳ್ತೀಯ? ನನ್ನ ನೋಡಿ ಒಂದ್ಸಲವೂ ನಗಲಿಲ್ಲ" ಎಂದಳು. ಆಗ ನನಗೆ ಹೊಳೆಯಿತು. ಮುಖ ನೋಡುವುದೇ ನನ್ನ ಕಸುಬು. ತಾವು ಅಂದು ಟೀಯನ್ನು ಆರಲು ಬಿಟ್ಟು, ಬಲಗಡೆಯಿಂದಲೇ ಹೀರಿದಿರಿ. ಬಿಸ್ಕತ್ತನ್ನು ಅದ್ದಿ ಬಲಕ್ಕೇ ದೂಡಿದಿರಿ. ನನ್ನ ಮಗಳನ್ನು ನೋಡುವಾಗಲೆಲ್ಲ ತಮ್ಮ ಕೈ ಎಡಗೆನ್ನೆಯ ಮೇಲಿತ್ತು. ಮನೆಯಾಕೆ ಅದನ್ನು ಗತ್ತು ಎಂದಳು. ಅದು ಗತ್ತಲ್ಲ ತಾಯಿ, ಹಲ್ಲು. ಯಾರಿಗೂ ಹೇಳದೆ ಎಷ್ಟು ದಿನ ನುಂಗಿಕೊಂಡಿದ್ದೀರೋ!

ಆದ್ದರಿಂದ, ಹಾಗೂ ಮೇಲಿನ ಎಲ್ಲ ಕಾರಣಗಳಿಂದ, ಅಂದಿನ ಎರಡೂ ಮುಖಗಳನ್ನು ಅಸಿಂಧುವೆಂದು ಘೋಷಿಸಿ ಮಾತುಕತೆಗೆ ಮರುಜೀವ ಕೊಡಬೇಕಾಗಿ ಕೈಮುಗಿದು ಕೋರುತ್ತೇನೆ. ಹುಡುಗ ಅಪ್ಪಟ ಚಿನ್ನ. ಇದನ್ನು ಹಲ್ಲು ಕಚ್ಚಿ ಹೇಳಬಲ್ಲೆ, ಈಗ ಕಚ್ಚಲು ಬರುತ್ತದೆ.

ಎರಡೂ ದವಡೆಗಳಿಂದ ತಮ್ಮ ವಿಶ್ವಾಸಿ,
ಹುಡುಗಿಯ ಅಪ್ಪ

ಲಗತ್ತುಗಳು:
(ಅ) ನನ್ನ ಹಲ್ಲಿನ ಗುರುತು ಬಿದ್ದ ನೀಲಿ ಕಾಗದ, ತೊಳೆದಿಲ್ಲ.
(ಆ) ಮಗಳ ಕೈಬರಹ: "ಆಂಟೀ, ಅಪ್ಪ ಹೇಳಿದ್ದು ನಿಜ. ಬಾಯಿ ತೆಗೆಸಿ ನೋಡಿದ್ದೀನಿ."
(ಇ) ಬರುವ ಶನಿವಾರ ಬೆಳಿಗ್ಗೆಗೆಂದು ತಮ್ಮ ಹೆಸರಿನಲ್ಲಿ ಗೊತ್ತುಮಾಡಿದ ದಂತವೈದ್ಯೆಯ ಭೇಟಿಯ ಚೀಟಿ.

ಕೊನೆಯ ವಿನಂತಿ: ದಂತವೈದ್ಯೆಯ ಕ್ಲಿನಿಕ್ಕಿನ ಬೆಂಚು ಎರಡೂ ಮನೆಯವರಿಗೆ ಸಾಲುವುದರಿಂದ ಮಾತುಕತೆ ಅಲ್ಲೇ ಮುಗಿಸಬಹುದು. ಆದರೆ ತಮ್ಮ ಒಪ್ಪಿಗೆಯನ್ನು ದಯಮಾಡಿ ಮರಗಟ್ಟಿಸುವ ಚುಚ್ಚುಮದ್ದಿಗೆ ಮೊದಲೇ ಕೊಡತಕ್ಕದ್ದು. ಅದಾದ ಮೇಲೆ ಹೇಳಿದ "ಸರಿ"ಯನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ.