ಮೂರನೇ ಮೇಜಿನ ಸೊನ್ನೆ

ವಿದ್ಯಾರ್ಥಿಯ ಒಟ್ಟು ಸರಾಸರಿಯನ್ನು ಮೂವರು ಗುಮಾಸ್ತರು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಆ ಮೂರು ಉತ್ತರಗಳ ಸರಾಸರಿಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು ಎಂಬುದು ನಮ್ಮ ಪರೀಕ್ಷಾ ವಿಭಾಗದ ನಿಯಮ. ಗುಮಾಸ್ತರು ರಜೆಯಲ್ಲಿದ್ದರೆ ಅವರ ಉತ್ತರ ಸೊನ್ನೆ. ಗೈರುಹಾಜರಾದವರಿಗೆ ಅಂಕ ಕೊಡುವ ಪದ್ಧತಿ ಯಾವ ಪರೀಕ್ಷೆಯಲ್ಲೂ ಇಲ್ಲವಷ್ಟೆ.

ನಾನು ಎರಡನೇ ಮೇಜಿನವನು. ಆ ದಿನ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಏಳು ಅಥವಾ ಅದಕ್ಕೆ ಮೇಲ್ಪಟ್ಟ ಸರಾಸರಿ ತೋರಿಸಬೇಕಿತ್ತು.

"ಸಾರ್, ನಾನು ಎಷ್ಟು ಸಲ ಕೂಡಿದ್ರೂ ಏಳು ಪಾಯಿಂಟ್ ಎರಡು ಬರುತ್ತೆ. ಇಲ್ಲಿ ನಾಲ್ಕು ಪಾಯಿಂಟ್ ಎಂಟು ಅಂತಿದೆ."

"ನನಗೂ ಏಳು ಪಾಯಿಂಟ್ ಎರಡೇ ಬಂದಿದ್ದು ಕಣಮ್ಮ. ಮೊದಲನೇ ಮೇಜಿನ ಮೇಡಂಗೂ ಅಷ್ಟೇ. ಮೂರನೇ ಮೇಜಿನವರು ರಜೆ."

"ಯಾವಾಗ ಬರ್ತಾರೆ?" ತಾಯಿ ಕೇಳಿದರು.

"ನಿವೃತ್ತರಾದ್ರು. ಆದ್ರೆ ರಜೆ ಇನ್ನೂ ರದ್ದಾಗಿಲ್ಲ."

"ಅಲ್ಲಾ, ಆಯಪ್ಪ ಮನೇಲಿ ಕಾಲು ಚಾಚಿ ಮಲಗಿದ್ರೆ ನನ್ನ ಮಗಳ ಅಂಕ ಯಾಕೆ ಕರಗಬೇಕು? ನಿಮಗೆಲ್ಲ ತಲೆ ನೆಟ್ಟಗಿದೆಯಾ?"

"ತಲೆಯ ವಿಷಯ ನಮ್ಮ ವಿಭಾಗಕ್ಕೆ ಬರಲ್ಲಮ್ಮ," ಎಂದೆ.

ಗಲಾಟೆ ಕೇಳಿ ಅಧೀಕ್ಷಕರು ಹೊರಬಂದರು. ಹುಡುಗಿಯ ಕಣ್ಣಲ್ಲಿ ನೀರು ಕಂಡು ಅವರ ಕರುಳು ಚುರುಕ್ ಎಂದಿತು. ಮೂರನೇ ಮೇಜಿಗೆ ಅವಳನ್ನೇ ತಾತ್ಕಾಲಿಕವಾಗಿ ನೇಮಿಸಿ ಸ್ಥಳದಲ್ಲೇ ಆದೇಶ ಹೊರಡಿಸಿದರು. ಆ ಹುದ್ದೆಗೆ ಯಾವ ಸರಾಸರಿಯೂ ಬೇಕಿಲ್ಲ.

"ಇನ್ನೇನು ಬಿಡು, ನಿನ್ನ ಲೆಕ್ಕ ನೀನೇ ಹಾಕ್ಕೋ ಪುಟ್ಟಿ!" ಎಂದು ತಾಯಿ ಮಗಳ ಬೆನ್ನು ತಟ್ಟಿದರು.

ಮರುದಿನವೇ ಅವಳ ಕಡತ ಮರುಲೆಕ್ಕಕ್ಕೆ ಬಂತು. ಆದರೆ ನೌಕರರು ತಮ್ಮದೇ ಕಡತ ಮುಟ್ಟಬಾರದು. ಅದು ಮೇಜಿಗೆ ಬಂದ ದಿನ ಕಡ್ಡಾಯವಾಗಿ ರಜೆ ಹಾಕತಕ್ಕದ್ದು. ಹುಡುಗಿ ಹಾಕಿದಳು. ನಾವಿಬ್ಬರೂ ಬಹಳ ಮುತುವರ್ಜಿಯಿಂದ ಲೆಕ್ಕ ಹಾಕಿದೆವು. ಏಳು ಪಾಯಿಂಟ್ ಎರಡು, ಏಳು ಪಾಯಿಂಟ್ ಎರಡು, ಸೊನ್ನೆ.

ಆಸ್ಪತ್ರೆಯ ಕೆಲಸ ಬೇರೆ ಯಾರಿಗೋ ಹೋಯಿತು. ಅಂದು ಅವಳು ಬಿಕ್ಕಿಬಿಕ್ಕಿ ಅತ್ತಳು. ಆದರೂ ಅವಳು ಪಟ್ಟು ಬಿಡಲಿಲ್ಲ. ಪ್ರತಿ ಶನಿವಾರ ಮರುಲೆಕ್ಕಕ್ಕೆ ಅರ್ಜಿ ಕೊಡುತ್ತಾಳೆ, ಕಡತ ಬರುವ ಪ್ರತಿ ಸೋಮವಾರ ರಜೆ ಹಾಕುತ್ತಾಳೆ. ಇಷ್ಟು ಶಿಸ್ತಿನ ನೌಕರರನ್ನು ತಾವು ಕಂಡೇ ಇಲ್ಲವೆಂದು ಅಧೀಕ್ಷಕರು ಸಭೆಯಲ್ಲಿ ಹೊಗಳಿದ್ದಾರೆ.

ಮೊನ್ನೆ ಇನ್ನೊಬ್ಬ ವಿದ್ಯಾರ್ಥಿನಿ ಅಂಕಪಟ್ಟಿ ಹಿಡಿದು ಬಂದಳು.

"ಮೇಡಂ, ನನ್ನ ಸರಾಸರಿ ಯಾಕೆ ಇಷ್ಟು ಇಳಿದುಹೋಗಿದೆ?"

ನಮ್ಮ ಹುಡುಗಿ ತಾಳ್ಮೆಯಿಂದ ದಿನಾಂಕ ನೋಡಿದಳು.

"ನಿನ್ನ ಕಡತ ಬಂದಿದ್ದು ಸೋಮವಾರ. ನಾನು ರಜೆ ಇದ್ದೆ ಕಣೇ. ನಾನೂ ನಿನ್ನ ಹಾಗೇ ಕೇಳೋಕೆ ಬಂದಿದ್ದೆ, ನಿವೃತ್ತರಾದವರ ಮೇಜು ಕೊಟ್ರು."

ಬಂದವಳು ಅರ್ಥವಾಯಿತೆಂಬಂತೆ ತಲೆಯಾಡಿಸಿದಳು. ನನ್ನ ಕಡೆ ತಿರುಗಿ ಕೇಳಿದಳು:

"ಸಾರ್, ನೀವು ಯಾವಾಗ ನಿವೃತ್ತರಾಗ್ತೀರಿ?"