ಬಾಗಿಲಿಗೆ ಮೂತಿ ಮಾಡಿದ ಬೂಟುಗಳು

ಎಲ್ಲರೂ ತಮ್ಮ ರೂಮ್‌ಮೇಟ್ ಸರಿಯಿಲ್ಲ ಎಂದು ಗೋಳಾಡುತ್ತಾರೆ. ನನ್ನ ಗೋಳೇ ಬೇರೆ. ನನ್ನವನು ತೀರಾ ಸರಿಯಾಗಿಬಿಟ್ಟಿದ್ದ.

ಬಂದ ಹೊಸತರಲ್ಲಿ ಹೀಗಿರಲಿಲ್ಲ. ಅವನು ಗಡಿಯಾಚೆಯ ಯಾವುದೋ ಊರಿನವನು, ಬೇಕರಿಯ ಭಟ್ಟಿ ಕೆಲಸ. ಆಳು ಆರಡಿ, ಕಂಠ ಹನ್ನೆರಡಡಿ. ನಾನೋ ಗಡಿಯಾರ ರಿಪೇರಿಯವನು, ಟಿಕ್‌ಟಿಕ್ ಬಿಟ್ಟು ಬೇರೆ ಸದ್ದು ಸಹಿಸದ ಪ್ರಾಣಿ. ಅವನು ಗಡ್ಡ ಬೋಳಿಸುತ್ತಾ ಹಾಡಿದರೆ ಕಪಾಟಿನ ಗಾಜು ನಡುಗುತ್ತಿತ್ತು. (ಎರಡು ಅಲಾರಂ ತಾವಾಗಿ ಹೊಡೆದುಕೊಂಡದ್ದೂ ಉಂಟು.) ಮೊದಲು ಬೈದುಕೊಂಡೆ, ಆಮೇಲೆ ಒಗ್ಗಿಹೋಯಿತು.

ಆಗಲೇ ಹಾಡು ನಿಂತಿತು. ಮಹಾಶಯ ಪಾತ್ರೆ ತೊಳೆದ, ನೆಲ ಒರೆಸಿದ, ನನ್ನ ಅಂಗಿಗೆ ಇಸ್ತ್ರಿಯನ್ನೂ ಹಾಕಿದ. ಮಾತಾಡಿಸಿದರೆ ಕಳ್ಳಬೆಕ್ಕಿನ ಹಾಗೆ ನೋಡುತ್ತಿದ್ದ. ಮನೆ ಬಿಕೋ ಎನ್ನುತ್ತಿತ್ತು. ನಾನೇನು ಕಡಿಮೆ ಮಾಡಿದ್ದೆ? ಅವನು ಕಳಚಿ ಬಿಸಾಡಿದ ಬೂಟುಗಳನ್ನು, ಒಗ್ಗಿಹೋದಂದಿನಿಂದ, ದಿನಾ ಒರೆಸಿ, ಮೂತಿ ಬಾಗಿಲ ಕಡೆ ತಿರುಗಿಸಿ ಜೋಡಿಸಿಡುತ್ತಿದ್ದೆ. ನಮ್ಮಮ್ಮ ಅಪ್ಪನಿಗೆ ಹಾಗೇ ಇಡುತ್ತಿದ್ದಳು, ಹೊರಡುವವನು ಕಾಲು ತೂರಿಸಿದರೆ ಸಾಕು. ನಮ್ಮ ವಂಶದಲ್ಲಿ ಪ್ರೀತಿಯನ್ನು ಬಾಯಲ್ಲಿ ಹೇಳಿದವರಿಲ್ಲ, ಎಲ್ಲಾ ಪಾದರಕ್ಷೆಯ ಮೂಲಕವೇ.

ಒಂದು ಸಂಜೆ ನೋಡಿದರೆ ಅವನ ಪೆಟ್ಟಿಗೆ ಕಟ್ಟಿ ಕೂತಿದೆ.

"ಭಾನುವಾರ ಖಾಲಿ ಮಾಡ್ತೀನಣ್ಣಾ."

"ಯಾಕಯ್ಯಾ? ಎಲ್ಲಿಗೆ?"

"ಅದೇ ಗೊತ್ತಿಲ್ಲ."

ಇರು ಎನ್ನಲು ಬಾಯಿ ಬರಲಿಲ್ಲ. ಬೂಟುಗಳಿಗೆ ಪಾಲಿಶ್ ಹಾಕಿ ಉಜ್ಜಿ, ಇನ್ನೂ ನೆಟ್ಟಗೆ ಬಾಗಿಲಿಗೆ ತಿರುಗಿಸಿಟ್ಟೆ. ಅವನ ಕಣ್ಣಲ್ಲಿ ನೀರು ಬಂತು. (ಸದ್ಯ, ಅರ್ಥವಾಯಿತಲ್ಲ ಎಂದುಕೊಂಡೆ.)

ಶನಿವಾರ ಗೋಡೆ ಗಡಿಯಾರ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಬಗ್ಗಲಾಗಲಿಲ್ಲ. ಬೂಟುಗಳು ಅವನು ಬಿಸಾಡಿದಂತೆ ಒಳಮುಖವಾಗಿಯೇ ಬಿದ್ದಿದ್ದವು. ಭಾನುವಾರ ಬೆಳಿಗ್ಗೆ ಅದನ್ನು ಕಂಡವನೇ ಓಡಿಬಂದು ನನ್ನನ್ನು ಅಪ್ಪಿಕೊಂಡ. ಸೊಂಟ ಲಟಕ್ ಎಂದಿತು.

"ಅಣ್ಣಾ, ಕ್ಷಮಿಸಿಬಿಟ್ರಾ!"

"ಏನನ್ನ?"

"ನಮ್ಮ ಕಡೆ ಬೇಡದ ನೆಂಟನಿಗೆ ಹೋಗು ಅಂತ ಬಾಯಿಬಿಟ್ಟು ಹೇಳಲ್ಲ. ಬೂಟು ಬಾಗಿಲ ಕಡೆ ತಿರುಗಿಸ್ತೀವಿ. ಮಾನ ಇರೋನು ಒಂದೇ ಸಲಕ್ಕೆ ಎದ್ದು ಹೋಗ್ತಾನೆ. ನೀವು ನಲವತ್ತು ದಿನ ತಿರುಗಿಸಿದ್ರಿ! ಹೋಗೋಕೆ ಜಾಗ ಇರ್ಲಿಲ್ಲ, ಅದಕ್ಕೇ ಪಾತ್ರೆ ತೊಳೆದೆ. ಮೊನ್ನೆ ಪಾಲಿಶ್ ಬೇರೆ ಹಾಕಿದ್ರಿ, ಇನ್ನು ಉಳಿಗಾಲ ಇಲ್ಲ ಅಂದ್ಕೊಂಡೆ."

ಅಮ್ಮನ ಕಥೆ ಹೇಳಿದೆ. ಅವನು ನಕ್ಕ, ಅತ್ತ, ಪೆಟ್ಟಿಗೆ ಬಿಚ್ಚಿದ. ನಲವತ್ತು ದಿನ ಅದುಮಿಟ್ಟ ಹಾಡನ್ನೆಲ್ಲ ಒಂದೇ ಬೆಳಿಗ್ಗೆ ಹಾಡಿದ.

ಮರುದಿನವೂ ಹಾಡಿದ. ಅದರ ಮರುದಿನವೂ. ಮೂರನೆಯ ಭಾನುವಾರ ನನಗೆ ತಡೆಯಲಾಗಲಿಲ್ಲ. ಸೊಂಟವೂ ಸರಿಹೋಗಿತ್ತು. ಮೆಲ್ಲಗೆ ಹೋಗಿ ಬೂಟುಗಳನ್ನು ಬಾಗಿಲಿಗೆ ತಿರುಗಿಸಿಟ್ಟೆ. ಈ ಸಲ ಅವರ ಕಡೆಯ ಅರ್ಥದಲ್ಲಿ.

ಅವನು ನೋಡಿ ಕಣ್ಣು ತುಂಬಿಕೊಂಡ. "ಥೇಟ್ ನಿಮ್ಮಮ್ಮನ ಥರ!" ಎಂದವನೇ ನನ್ನ ಚಪ್ಪಲಿಯನ್ನೂ ತಂದು ಬೂಟಿನ ಪಕ್ಕ ಬಾಗಿಲಿಗೆ ತಿರುಗಿಸಿಟ್ಟ. "ನಡೀರಣ್ಣಾ, ಇಬ್ಬರೂ ಒಂದು ಸುತ್ತು ಹೋಗಿ ಬರೋಣ."

ಕೈ ಹಿಡಿದುಕೊಂಡು ಬೀದಿಯುದ್ದಕ್ಕೂ ಹಾಡಿದ. ಎರಡನೇ ತಿರುವಿನಲ್ಲಿ ಕಿಟಕಿಯೊಂದು ತೆರೆಯಿತು. "ಇಬ್ಬರೂ ಬಾಯಿ ಮುಚ್ತೀರಾ?" ಎಂದು ಹೆಂಗಸೊಬ್ಬಳು ಕೂಗಿದಳು.

ನಾನೂ ಹಾಡುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.